ಸಿಗರೇಟು ಬಿಟ್ಟು ಹತ್ತು ವರ್ಷ

2025ರ ಜನವರಿ 9ಕ್ಕೆ ನಾನು ಸಿಗರೇಟು ಬಿಟ್ಟು ಹತ್ತು ವರ್ಷ ತುಂಬಿತು. 2015ರಲ್ಲಿ ಆ ದಿನ ಶುಕ್ರವಾರ. ಈ ಸಲ ಗುರುವಾರ ಬಂತು, ಎಲ್ಲರಿಗೂ ಕೆಲಸ, ಹಾಗಾಗಿ 12ನೇ ತಾರೀಕು ಭಾನುವಾರ ಸಂಜೆ, ಸಿಗರೇಟು ಬಿಡಲು ಒಬ್ಬರಿಗೊಬ್ಬರು ಜೊತೆಯಾಗುವ ನಮ್ಮ ಗುಂಪಿನವರೆಲ್ಲ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸೇರಿದೆವು. ನಾವು ಸೇರುವುದು ಒಂದು ಟ್ಯೂಷನ್ ಕ್ಲಾಸಿನ ಕೋಣೆಯಲ್ಲಿ. ಭಾನುವಾರ ಸಂಜೆ ಅಲ್ಲಿ ಪಾಠ ಇರುವುದಿಲ್ಲ. ಕ್ಲಾಸು ನಡೆಸುವವರು ಧಾರವಾಡದ ಕಡೆಯವರು, ಬೀಗದ ಕೈ ನಮ್ಮ ಹತ್ರವೇ ಒಂದು ಕೊಟ್ಟಿದ್ದಾರೆ. ಒಳಗೆ ಕಾಲಿಟ್ಟರೆ ಬೋರ್ಡಿನ ಮೇಲೆ ಯಾವುದೋ ಮಕ್ಕಳ ತ್ರಿಕೋನಮಿತಿಯ ಲೆಕ್ಕ ಅರ್ಧ ಅಳಿಸಿತ್ತು, ಅದರ ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ದೊಡ್ಡದಾಗಿ 3656 ಅಂತ ಬರೆದಿತ್ತು. ನಾನು ಸೇದದೆ ಕಳೆದ ದಿನಗಳು. ಲೆಕ್ಕ ಹಾಕಿದ್ದು ಈ ಗುಂಪು ಶುರು ಮಾಡಿದವರು, ನಾವೆಲ್ಲ ಅಕ್ಕ ಅಂತ ಕರೆಯುವವರು. ಮೂರು ಫೆಬ್ರವರಿ 29ನ್ನೂ ಬಿಡದೆ ಸೇರಿಸಿದ್ದರು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಹೇಗೆ ಬಿಟ್ರಿ, ಮನಸ್ಸು ಗಟ್ಟಿ ಮಾಡ್ಕೊಂಡ್ರಾ ಅಂತ. ಅದಕ್ಕೂ ಮುಂಚೆ ಮೂರು ಸಲ ಮನಸ್ಸು ಗಟ್ಟಿ ಮಾಡಿಕೊಂಡೇ ಬಿಟ್ಟಿದ್ದೆ. ಒಂದು ಸಲ ಹನ್ನೊಂದು ದಿನ, ಒಂದು ಸಲ ಎರಡು ತಿಂಗಳು, ಇನ್ನೊಂದು ಸಲ ಬರೀ ಒಂದೂವರೆ ದಿನ. ನಾಲ್ಕನೇ ಸಲ ಬೇರೆ ಏನೋ ನಡೆಯಿತು. ಅದನ್ನು ಹೇಳಬೇಕಾದರೆ ಶುರುವಾದದ್ದು ಹೇಗೆ ಅಂತಲೇ ಹೇಳಬೇಕು.

ನಮ್ಮದು ಕಾರ್ಕಳದ ಕಡೆಯ ಹಳ್ಳಿ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ನಮ್ಮ ಕಡೆ ಮನೆಮನೆಯಲ್ಲೂ ಹೆಂಗಸರು ಬೀಡಿ ಕಟ್ಟುವವರೇ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊರವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಒಂದು ಚಿಟಿಕೆ ಹೊಗೆಸೊಪ್ಪು ಉದ್ದಕ್ಕೆ ಹರಡುವುದು, ಎರಡು ಹೆಬ್ಬೆರಳಿನಲ್ಲಿ ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಸುತ್ತುವುದು. ಎಣಿಸಿ ಮುಗಿಸುವಷ್ಟರಲ್ಲಿ ಒಂದು ಬೀಡಿ ಆಗಿರುತ್ತಿತ್ತು. ದಿನಕ್ಕೆ ಏಳುನೂರು. ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋದಾಗ ಅಲ್ಲಿ ಕೂತವರು ಕಟ್ಟು ಬಿಚ್ಚಿ ನೋಡಿ, ಇದು ಸಪೂರ ಇದು ದಪ್ಪ ಅಂತ ಒಂದಷ್ಟನ್ನು ಪಕ್ಕಕ್ಕೆ ತಳ್ಳುತ್ತಿದ್ದರು, ಅದಕ್ಕೆ ಕೂಲಿ ಇಲ್ಲ. ಅಮ್ಮನ ಕೈ ಯಾವಾಗಲೂ ಹೊಗೆಸೊಪ್ಪಿನ ವಾಸನೆ. ತಲೆ ನೇವರಿಸಿದರೆ ತಲೆಗೂ ಬರುತ್ತಿತ್ತು. ಅವಳು ಜೀವಮಾನದಲ್ಲಿ ಒಂದೇ ಒಂದು ಬೀಡಿ ಸೇದಿದವಳಲ್ಲ, ಆದರೂ ಮಳೆಗಾಲದಲ್ಲಿ ರಾತ್ರಿ ಇಡೀ ಕೆಮ್ಮುತ್ತಿದ್ದಳು. ನೀನು ಮಾತ್ರ ಇದನ್ನು ಮುಟ್ಟಬೇಡ ಮಗಾ ಅಂತ ಎಷ್ಟು ಸಲ ಹೇಳಿದ್ದಳೋ.

1995ರಲ್ಲಿ ಮುಂಬಯಿಗೆ ಬಂದೆ. ಹದಿನೈದು ವಯಸ್ಸು. ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ, ಸಂಜೆ ಮೇಲೆ ಕನ್ನಡ ರಾತ್ರಿಶಾಲೆ. ಮುಂಬಯಿಯ ಆ ರಾತ್ರಿಶಾಲೆಗಳು ಇಲ್ಲದಿದ್ದರೆ ನನ್ನಂಥ ಎಷ್ಟೋ ಹೋಟೆಲ್ ಹುಡುಗರು ಹತ್ತನೇ ಕ್ಲಾಸು ದಾಟುತ್ತಲೇ ಇರಲಿಲ್ಲ, ಆ ಮೇಷ್ಟ್ರುಗಳ ಋಣ ದೊಡ್ಡದು, ಅದನ್ನು ಬೇರೆಯೇ ಬರೆಯುತ್ತೇನೆ. ಹೋಟೆಲಿನಲ್ಲಿ ಬೆಳಿಗ್ಗೆ ಐದೂವರೆಯಿಂದ ನಿಂತೇ ಕೆಲಸ. ಕೂತರೆ ಬೈಗುಳ. ಸುಮ್ನೆ ಹಿಂದಿನ ಗಲ್ಲಿಗೆ ಹೋಗಿ ನಿಂತರೂ ಬೈಗುಳ. ಆದರೆ ದೊಡ್ಡ ಹುಡುಗರು ಸಿಗರೇಟಿಗೆ ಹೋಗ್ತೀವಿ ಅಂದರೆ ಮಾತ್ರ ಗಲ್ಲೆಯಲ್ಲಿ ಕೂತವರು ಏನೂ ಅನ್ನುತ್ತಿರಲಿಲ್ಲ. ಐದು ನಿಮಿಷ ಹೊರಗೆ ಬಿಡುತ್ತಿದ್ದರು. ನಾನು ಮೊದಮೊದಲು ಅವರ ಜೊತೆ ಬರೀ ನಿಲ್ಲಲು ಹೋದವನು. ಊರಿನ ಸುದ್ದಿ, ತುಳು ಮಾತು, ಮೇಲೆ ಎರಡು ಕಟ್ಟಡಗಳ ನಡುವೆ ಒಂದು ಪಟ್ಟಿ ಆಕಾಶ. ಒಂದು ಸಿಗರೇಟು ಮೂರು ಜನರ ಕೈ ದಾಟುತ್ತಿತ್ತು. ಹದಿನೇಳನೇ ವಯಸ್ಸಿಗೆ ನಾಲ್ಕನೆಯವನು ನಾನಾದೆ.

ಹೊಗೆ ಒಳಗೆ ಎಳೆದರೆ ನಿಕೋಟಿನ್ ಮಿದುಳಿಗೆ ಮುಟ್ಟಲು ಸುಮಾರು ಹತ್ತು ಸೆಕೆಂಡು ಸಾಕು. ಇದು ಆಮೇಲೆ ತಿಳಿದದ್ದು. ಚಟ ಹತ್ತಿಸುವುದು ಆ ನಿಕೋಟಿನ್ನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮಟ್ಟಿಗೆ ಅದರ ಜೊತೆ ಇನ್ನೊಂದು ಅಂಟಿಕೊಂಡಿತ್ತು. ಒಬ್ಬರ ಪಕ್ಕ ನಿಂತು ಉಸಿರು ಬಿಡಲು ಐದು ನಿಮಿಷ. ಹೋಟೆಲ್ ಬಿಟ್ಟು ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ, ಮದುವೆ ಆಯಿತು, ಡೊಂಬಿವಲಿಯಲ್ಲಿ ಮನೆ ಆಯಿತು. ಆ ಐದು ನಿಮಿಷ ಮಾತ್ರ ಎಲ್ಲಾ ಕಡೆ ನನ್ನ ಜೊತೆಗೇ ಬಂತು. ಆಫೀಸಿನ ಕೆಳಗಿನ ಟಪ್ರಿ ಅನ್ನುವ ಗೂಡಂಗಡಿ, ಒಂದು ಕಟಿಂಗ್ ಚಹಾ, ಒಂದು ಬಿಡಿ ಸಿಗರೇಟು, ಮಾತಾಡಲು ಒಬ್ಬರು. ಪೂರ್ತಿ ಪ್ಯಾಕು ನಾನು ಕೊಂಡದ್ದು ಕಮ್ಮಿ. ಒಂದೊಂದೇ ಕೊಂಡು ದಿನಕ್ಕೆ ಹದಿನೈದು ಆಗುತ್ತಿತ್ತು. (ಬಿಡಿ ಸಿಗರೇಟು ಮಾರುವುದನ್ನು ಮಹಾರಾಷ್ಟ್ರದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದರು. ಆ ಆದೇಶ ಎಷ್ಟು ಮುಖ್ಯ ಅಂತ ಒಂದೊಂದೇ ಕೊಂಡು ಸೇದಿದವರಿಗೆ ಗೊತ್ತು.)

2014ರ ಡಿಸೆಂಬರ್. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯಲು ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದೆ. ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಎದೆಯಲ್ಲಿ ಗಾಳಿಯೇ ಇಲ್ಲ. ಬೆಂಚಿನ ಮೇಲೆ ಕೂತೆ. ಒಂದು ಗಾಡಿ ಹೋಯಿತು, ಎರಡು ಹೋಯಿತು, ಮೂರನೆಯದೂ ಹೋಯಿತು, ಏಳಲು ಆಗಲಿಲ್ಲ. ಊರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿ ಏನೋ ಹೇಳುತ್ತಿದ್ದೆ, ಮಧ್ಯೆ ಮಧ್ಯೆ ಕೆಮ್ಮು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ನಾನು ಫೋನ್ ಇಡುವ ತನಕ ಕಾದು ಕೇಳಿದರು.

"ಕನ್ನಡದವರಾ? ದಿನಕ್ಕೆ ಎಷ್ಟು ಸೇದ್ತೀರಿ?"

"ಹದಿನೈದು."

"ಎದ್ದು ಎಷ್ಟು ಹೊತ್ತಿಗೆ ಮೊದಲನೇದು?"

ಹಲ್ಲುಜ್ಜುವ ಮುಂಚೆಯೇ ಅಂದೆ. ಅವರು ಬೈಯಲಿಲ್ಲ, ಅಯ್ಯೋ ಅನ್ನಲಿಲ್ಲ. ಇಷ್ಟೇ ಹೇಳಿದರು: "ಇವತ್ತು ಮೊದಲು ಡಾಕ್ಟ್ರ ಹತ್ರ ಹೋಗಿ ಎದೆ ತೋರಿಸ್ಕೊಳ್ಳಿ. ಭಾನುವಾರ ನಮ್ಮಲ್ಲಿಗೆ ಬನ್ನಿ." ಒಂದು ರಸೀತಿಯ ಹಿಂದೆ ವಿಳಾಸ ಬರೆದುಕೊಟ್ಟರು. ಅವರೇ ನಮ್ಮ ಅಕ್ಕ. ಕುಮಟಾದವರು, ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ತಮ್ಮ ಶ್ವಾಸಕೋಶದ ಕ್ಯಾನ್ಸರಿನಿಂದ ಹೋದ ಮೇಲೆ ಈ ಭಾನುವಾರದ ಗುಂಪು ಶುರು ಮಾಡಿದ್ದು.

ಮೊದಲ ಭಾನುವಾರ ಅಲ್ಲಿ ಐದು ಜನ ಇದ್ದರು. ಅಕ್ಕ ಎಲ್ಲಿಂದಲೋ ಒಂದು ಪುಟ್ಟ ಯಂತ್ರ ತಂದಿದ್ದರು. ಉಸಿರು ಹಿಡಿದು, ಆಮೇಲೆ ಕೊಳವೆಯೊಳಗೆ ನಿಧಾನಕ್ಕೆ ಊದಬೇಕು. ನಮ್ಮ ಉಸಿರಿನಲ್ಲಿ ಎಷ್ಟು ಕಾರ್ಬನ್ ಮೊನಾಕ್ಸೈಡ್ ಇದೆ ಅಂತ ತೋರಿಸುತ್ತದೆ. ವಾಹನದ ಹೊಗೆಯಲ್ಲಿ ಇರುವ ಅದೇ ಅನಿಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ನನಗೆ 24 ಬಂತು. ಪಕ್ಕದಲ್ಲಿ ಮೂರು ವರ್ಷದ ಹಿಂದೆ ಬಿಟ್ಟವರಿಗೆ 2. ಬಿಟ್ಟ ಮೂರನೇ ದಿನ ಅಕ್ಕ ಮನೆಗೇ ಬಂದು ಮತ್ತೆ ಊದಿಸಿದರು, 3 ತೋರಿಸಿತು. ಆ ಅಂಕಿ ನೋಡಿದಾಗ ಆದ ಸಂತೋಷ ಹೇಳಲಿಕ್ಕೆ ಬರುವುದಿಲ್ಲ. ಹದಿನೆಂಟು ವರ್ಷ ಸೇದಿದ ಮೈ, ಮೂರೇ ದಿನದಲ್ಲಿ ಇಷ್ಟನ್ನಾದರೂ ಹೊರಗೆ ಹಾಕಿತ್ತು.

ಆದರೆ ಆ ಮೂರು ದಿನ ಯಾರಿಗೂ ಬೇಡ. ಕೈ ನಡುಗುವುದು, ನಿದ್ದೆ ಇಲ್ಲ, ಮಗಳು ಚಮಚ ಬೀಳಿಸಿದರೂ ಸಿಟ್ಟು. ಮೊದಲ ವಾರವೇ ಅತಿ ಕಷ್ಟ, ಆಮೇಲೆ ಮೂರು ನಾಲ್ಕು ವಾರದಲ್ಲಿ ಮೈ ತಣ್ಣಗಾಗುತ್ತದೆ ಅಂತ ಮುಂಚೆಯೇ ಹೇಳಿದ್ದರಿಂದ ತಡೆದುಕೊಂಡೆ. ನಿಕೋಟಿನ್ ಗಮ್ಮಿನ ವಿಷಯ ಇಲ್ಲಿ ಹೇಳಲೇಬೇಕು, ಯಾಕೆಂದರೆ ತುಂಬ ಜನ ಅದನ್ನು ತಪ್ಪಾಗಿ ತಗೊಂಡು ಇದು ಕೆಲಸ ಮಾಡುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ. ಹಿಂದಿನ ಸಲ ನಾನೂ ಬಬಲ್‌ಗಮ್ಮಿನ ಹಾಗೆ ಜಗಿದಿದ್ದೆ, ಮೇಲೆ ಚಹಾ ಕುಡಿದಿದ್ದೆ, ಬಿಕ್ಕಳಿಕೆ ಬಂದು ಹೊಟ್ಟೆ ತೊಳಸಿತ್ತು ಅಷ್ಟೇ. ಅಕ್ಕ ಎದುರಿಗೆ ಕೂತು ಕಲಿಸಿದರು. ಮೆಲ್ಲಗೆ ಜಗಿಯಬೇಕು. ನಾಲಿಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಹದಿನೈದು ನಿಮಿಷ ಮುಂಚಿನಿಂದ ಚಹಾ ಕಾಫಿ ಮುಟ್ಟಬಾರದು, ಬಾಯಿ ಹುಳಿ ಇದ್ದರೆ ನಿಕೋಟಿನ್ ಒಳಗೆ ಹೀರಿಕೊಳ್ಳುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿಲಿಗ್ರಾಂ ಸಾಲುವುದಿಲ್ಲ, ಡಾಕ್ಟ್ರು ನನಗೆ 4 ಬರೆದುಕೊಟ್ಟರು. ಅದನ್ನೂ ಮೂರು ತಿಂಗಳಲ್ಲಿ ಕಮ್ಮಿ ಮಾಡುತ್ತಾ ಬಂದು ನಿಲ್ಲಿಸಿದೆ.

ಗಮ್ಮು ಮೈಯನ್ನು ನೋಡಿಕೊಂಡಿತು. ಟಪ್ರಿಯ ಮುಂದೆ ನಿಲ್ಲುತ್ತಿದ್ದ ಆ ಐದು ನಿಮಿಷ?

ನಮ್ಮ ಗುಂಪಿನಲ್ಲಿ ಇರುವುದು ಒಂದೇ ಕಟ್ಟಳೆ. ಸೇದಬೇಕು ಅನ್ನಿಸಿದರೆ ಮೊದಲು ಫೋನ್ ಮಾಡು. ಯಾರಿಗಾದರೂ. ಎಷ್ಟು ಹೊತ್ತಿಗಾದರೂ. ಫೋನ್ ಎತ್ತಿದವರು ಬುದ್ಧಿ ಹೇಳಬಾರದು. ಸಿಗರೇಟಿನ ಮಾತೇ ಎತ್ತಬಾರದು. ಊಟ ಆಯ್ತಾ, ಮಳೆ ಬಂತಾ, ಗಾಡಿ ಲೇಟಾ, ಇಂಥದ್ದೇ ಐದು ನಿಮಿಷ. ಆ ಎಳೆತ ಬಂದು ಏರಿ ಇಳಿಯುವುದು ಸಾಮಾನ್ಯವಾಗಿ ಅಷ್ಟೇ ಹೊತ್ತು. ಮೊದಲ ತಿಂಗಳು ನಾನು ದಿನಕ್ಕೆ ಏಳೆಂಟು ಸಲ ಫೋನ್ ಮಾಡಿದ್ದೇನೆ. ಮಧ್ಯಾಹ್ನ ನಾಲ್ಕಕ್ಕೆ ಆಫೀಸಿನವರೆಲ್ಲ ಟಪ್ರಿಗೆ ಹೊರಟರೆ ನಾನು ಮೆಟ್ಟಿಲ ಮೇಲೆ ನಿಂತು, ಘಾಟ್ಕೋಪರ್‌ನಲ್ಲಿ ಇಡ್ಲಿ ಅಂಗಡಿ ಇಟ್ಟಿರುವ ನಮ್ಮ ಗುಂಪಿನ ಅಣ್ಣನ ಜೊತೆ ಮಾತಾಡುತ್ತಿದ್ದೆ. ಅವರು ಹಿಟ್ಟು ರುಬ್ಬುವ ಹೊತ್ತು ಅದು. ಗ್ರೈಂಡರಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡುತ್ತಿದ್ದರು, ಒಂದು ದಿನವೂ ಆಮೇಲೆ ಮಾಡು ಅನ್ನಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ ಅಲ್ವಾ? ಫೋರ್ಟಿನ ಆ ಗಲ್ಲಿಯಲ್ಲಿ ಸಿಗುತ್ತಿದ್ದದ್ದೂ ಅದೇ, ಹೊಗೆ ಮಾತ್ರ ಇಲ್ಲ.

2018ರಲ್ಲಿ ಅಪ್ಪ ತೀರಿಕೊಂಡರು. ಬೊಜ್ಜ (ಉತ್ತರಕ್ರಿಯೆ) ಮುಗಿದ ರಾತ್ರಿ ತೋಟದ ಬದಿಯಲ್ಲಿ ಚಿಕ್ಕಪ್ಪನ ಮಗ ಸುಮ್ನೆ ಪ್ಯಾಕೆಟ್ ಮುಂದೆ ಹಿಡಿದ. ಅವನದ್ದೇನೂ ತಪ್ಪಿಲ್ಲ, ಪ್ರೀತಿಯಿಂದಲೇ ಹಿಡಿದ. ಮೂರು ವರ್ಷದ ಮೇಲಾಗಿತ್ತು, ಆದರೂ ಕೈ ತಾನಾಗಿ ಮುಂದೆ ಹೋಯಿತು. ಒಂದನ್ನು ತೆಗೆದು ಬೆರಳಿನ ನಡುವೆ ಹಿಡಿದುಕೊಂಡೇ ನೆಟ್‌ವರ್ಕ್ ಸಿಗುವ ರಸ್ತೆಯ ತನಕ ನಡೆದು ಅಕ್ಕನಿಗೆ ಫೋನ್ ಮಾಡಿದೆ. ರಾತ್ರಿ ಹನ್ನೊಂದು ದಾಟಿತ್ತು. "ಹೇಳು ತಮ್ಮಾ" ಅಂದರು. ನಾನು ಏನೂ ಹೇಳಲಿಲ್ಲ, ಅತ್ತುಬಿಟ್ಟೆ. ಅವರು ಸುಮ್ಮನೆ ಕೇಳುತ್ತಾ ಕೂತರು, ಆಮೇಲೆ ಅಪ್ಪ ಏನು ಕೆಲಸ ಮಾಡ್ತಿದ್ರು, ಅವರಿಗೆ ಏನು ತಿನ್ನೋದು ಇಷ್ಟ ಅಂತ ಕೇಳಿದರು. ನಲವತ್ತು ನಿಮಿಷ. ಫೋನ್ ಇಟ್ಟಾಗ ಬೆರಳಿನ ಬೆವರಿಗೆ ಸಿಗರೇಟು ಒದ್ದೆಯಾಗಿ ಒಡೆದು ಹೊಗೆಸೊಪ್ಪು ಅಂಗೈಗೆ ಅಂಟಿತ್ತು. ಮೂಸಿದರೆ ಅಮ್ಮನ ಕೈಯ ವಾಸನೆ.

ಗುಂಪಿನಲ್ಲಿ ಎಲ್ಲರ ಕಥೆಯೂ ನನ್ನ ಹಾಗೆ ನೇರ ಹೋಗಿಲ್ಲ. ನಮ್ಮ ಕಾಕಾ ನಿಪ್ಪಾಣಿಯವರು. ಅವರ ಮನೆಯವರು ತಂಬಾಕು ಬೆಳೆಯುವವರು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕಿಗೆ ಸರಿಯಾದ ಬೆಲೆ ಬೇಕು ಅಂತ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತರಲ್ಲ, ಆಗ ಹದಿನೆಂಟರ ಹುಡುಗ ಕಾಕಾ ತಂದೆಯ ಪಕ್ಕ ಕೂತಿದ್ದವರು. ನಿಪ್ಪಾಣಿಯ ತಂಬಾಕು ಬೀಡಿಗೆ ಹೆಸರುವಾಸಿ. ಅವರ ಹೊಲದ್ದು ನಮ್ಮ ಅಮ್ಮನ ಮೊರಕ್ಕೂ ಬಂದಿರಬಹುದು ಅಂತ ನಾವಿಬ್ಬರೂ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ. ಕಾಕಾ ನಾಲ್ಕು ಸಲ ಬಿಟ್ಟು ನಾಲ್ಕು ಸಲ ಮತ್ತೆ ಹಿಡಿದವರು. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಫೋನಿನಲ್ಲೇ ಸೇರುತ್ತಿದ್ದಾಗ ಒಂದು ವರ್ಷ ಪೂರ್ತಿ ಬಿಟ್ಟಿದ್ದರು, ಹೆಂಡತಿಗೆ ಹುಷಾರು ತಪ್ಪಿದಾಗ ಮತ್ತೆ ಶುರುವಾಯಿತು. ಪ್ರತಿ ಸಲವೂ ಮುಂದಿನ ಭಾನುವಾರ ಬಂದು, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, "ಮತ್ತ ಹಚ್ಚಿದ್ನಿ" ಅನ್ನುತ್ತಾರೆ. ಅಕ್ಕ ಒಂದು ಕುರ್ಚಿ ಎಳೆಯುತ್ತಾರೆ. ಅಷ್ಟೇ. ಹೋದ ಸಲದ ದಿನಗಳನ್ನು ಅಳಿಸುವುದಿಲ್ಲ. ಅವರ ಹೆಸರಿನ ಮುಂದೆ ಎಲ್ಲಾ ಲೆಕ್ಕವೂ ಇದೆ. ಕಾಕಾನ ಕುರ್ಚಿ ನನ್ನ ಹತ್ತು ವರ್ಷಕ್ಕಿಂತ ದೊಡ್ಡದು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಹೊಸಬರು ಬಂದರೆ ಅಕ್ಕ ಈಗ ಇನ್ನೊಂದು ಮಾಡಿಸುತ್ತಾರೆ. 1800-11-2356ಕ್ಕೆ ಅಲ್ಲೇ ಕೂತು ಫೋನ್ ಹಚ್ಚಿಸುತ್ತಾರೆ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಕ್ವಿಟ್‌ಲೈನ್, ಕರೆಗೆ ಹಣ ಇಲ್ಲ. 2018ರಿಂದ ಈ ನಂಬರ್ ಸಿಗರೇಟು, ಬೀಡಿ ಪ್ಯಾಕಿನ ಮೇಲೇ ಅಚ್ಚಾಗುತ್ತಿದೆ. ನಾನು ಬಿಟ್ಟಾಗ ಇದು ಇರಲಿಲ್ಲ. ನಮ್ಮ ಹಾಗೆ ಗುಂಪು ಸಿಗದವರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ.

ಇನ್ನು ಮೊನ್ನೆ ಭಾನುವಾರದ ವಿಷಯ. ಸಂಕ್ರಾಂತಿ ಎರಡೇ ದಿನ ಇತ್ತಲ್ಲ, ಕಾಕಾನ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಘಾಟ್ಕೋಪರಿನ ಅಣ್ಣ ಗೋಳಿಬಜೆ ತಂದಿದ್ದರು. ಮಹಡಿಯ ಮರಾಠಿ ಅಜ್ಜಿ ತಿಳ್ಗುಳ್ ಕೊಟ್ಟು ಹೋದರು. ಸೇದುತ್ತಿದ್ದಾಗ ನನಗೆ ಊಟದ ರುಚಿ ಹೋಗಿದ್ದೇ ಗೊತ್ತಾಗಿರಲಿಲ್ಲ. ಬಿಟ್ಟು ಒಂದಷ್ಟು ದಿನ ಆದ ಮೇಲೆ ಒಂದು ಸಂಜೆ ಹುರಿದ ಎಳ್ಳಿನ ವಾಸನೆ ಮೂಗಿಗೆ ಬಡಿದು ರಸ್ತೆಯಲ್ಲೇ ನಿಂತುಬಿಟ್ಟಿದ್ದೆ. ಗುಂಪಿಗೆ ಆಗಾಗ ಬರುವ ಡಾಕ್ಟ್ರೊಬ್ಬರು ಮೊನ್ನೆಯೂ ಬಂದಿದ್ದರು. ಬಿಟ್ಟ ಒಂದು ವರ್ಷಕ್ಕೆ ಸಿಗರೇಟಿನಿಂದ ಬಂದಿದ್ದ ಹೃದಯದ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುತ್ತಲೇ ಇರುವವರಿಗಿಂತ ಅರ್ಧದಷ್ಟಾಗುತ್ತದೆ ಅಂದರು. ಅಕ್ಕ ತಲೆ ಬಗ್ಗಿಸಿ ಕೇಳುತ್ತಿದ್ದರು. ಅವರ ತಮ್ಮನಿಗೆ ಐವತ್ತೊಂದು ವಯಸ್ಸು ಆಗ.

ಆಮೇಲೆ ಊರಿಗೆ ವೀಡಿಯೋ ಕಾಲ್ ಮಾಡಿ ಅಮ್ಮನಿಗೆ ಎಲ್ಲರನ್ನೂ ತೋರಿಸಿದೆ. ಟ್ಯೂಷನ್ ಕ್ಲಾಸಿನವರು ಅಷ್ಟರಲ್ಲಿ ಬೋರ್ಡಿನ ಮೇಲೆ 3656ನ್ನು ಹದಿನೈದರಿಂದ ಗುಣಿಸಿದ್ದರು. 54,840. ಇಷ್ಟು ಸಿಗರೇಟು ನಾನು ಸೇದಿಲ್ಲ ಅಮ್ಮಾ ಅಂದೆ. ಅಮ್ಮನಿಗೆ ಈಗ ಕಣ್ಣು ಮಂಜು, ಬೀಡಿ ಕಟ್ಟುವುದು ನಿಲ್ಲಿಸಿ ಎಷ್ಟೋ ವರ್ಷ ಆಯಿತು. ಆದರೆ ಬೀಡಿಯ ಲೆಕ್ಕ ಇನ್ನೂ ಬಾಯಲ್ಲೇ ಇದೆ. ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, ತುಳುವಿನಲ್ಲಿ, ಅಷ್ಟನ್ನು ನಾನು ಎರಡೂವರೆ ತಿಂಗಳಲ್ಲಿ ಕಟ್ಟುತ್ತಿದ್ದೆ ಅಂದಳು. ಆಮೇಲೆ ಸುಮ್ಮನಾದಳು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

"ಅದನ್ನೆಲ್ಲ ಯಾರು ಸೇದಿದ್ರೋ ಮಗಾ" ಅಂದಳು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಕಾಕಾ ಎದ್ದು ಬಂದು ನನ್ನ ಕೈಯಿಂದ ಫೋನ್ ತಗೊಂಡರು. "ಅಕ್ಕಾರ, ನಾವ್ ಬೆಳದ್ವಿ, ನೀವ್ ಕಟ್ಟಿದ್ರಿ. ಹೊಟ್ಟಿಗೆ ಮಾಡಿದ್ವಿ. ಈಗ ಹುಡುಗರನ್ನ ಬಿಡಸಾಕತ್ತೀವಿ, ಆತಲ್ರಿ?" ಅಮ್ಮನಿಗೆ ಆ ಕಡೆಯ ಮಾತು ಪೂರ್ತಿ ತಿಳಿಯಿತೋ ಇಲ್ಲವೋ. ನೀವು ಊಟ ಮಾಡಿದಿರಾ ಅಂತ ಕೇಳಿದಳು.

ಕೇಕ್ ಕತ್ತರಿಸುವಾಗ ಬೋರ್ಡಿನ ಮೇಲೆ ನನ್ನ ಅಂಕಿಯ ಪಕ್ಕದಲ್ಲಿ ಅಕ್ಕ ಇನ್ನೊಂದು ಅಂಕಿ ಅಷ್ಟೇ ದೊಡ್ಡದಾಗಿ ಬರೆದರು. 19. ಕಾಕಾ ಡಿಸೆಂಬರ್ 25ರಿಂದ ಮುಟ್ಟಿಲ್ಲ. ಮೊದಲ ತುಂಡನ್ನು ಅವರ ಬಾಯಿಗೇ ಇಟ್ಟೆ.

ಒಂಬತ್ತರ ಹೊತ್ತಿಗೆ ಕೆಳಗೆ ಇಳಿದೆವು. ಶೇರ್ ರಿಕ್ಷಾದ ಸಾಲು ಇರುವುದು ಪಾನ್ ಟಪ್ರಿಯ ಪಕ್ಕದಲ್ಲೇ. ಚಳಿ ಇತ್ತು, ಮೂರ್ನಾಲ್ಕು ಹುಡುಗರು ನಿಂತು ಸೇದುತ್ತಿದ್ದರು, ಹೊಗೆ ನಮ್ಮ ಕಡೆಗೇ ಬರುತ್ತಿತ್ತು. ಕಾಕಾ ನಿಂತರು. ನಾನೂ ನಿಂತೆ. ಅವರು ನನ್ನ ಮೊಣಕೈ ಹಿಡಿದುಕೊಂಡರು, ಸ್ವಲ್ಪ ಬಿಗಿಯಾಗಿಯೇ.

"ಮೊಮ್ಮಗಳ ಪರೀಕ್ಷೆ ಯಾವಾಗ ಕಾಕಾ?" ಅಂದೆ.

ಫೆಬ್ರವರಿದಾಗ ಐತಿ, ಗಣಿತ ಒಂದ ಭಾಳ ಅಂಜಿಕಿ ನೋಡ ಅದಕ್ಕ ಅಂತ ಶುರು ಮಾಡಿದರು. ಅವಳು ಯಾವ ಪಾಠದಲ್ಲಿ ತಪ್ಪುತ್ತಾಳೆ, ಮೇಷ್ಟ್ರು ಏನಂದರು, ಅಜ್ಜಿ ಏನು ಹರಕೆ ಹೊತ್ತಿದ್ದಾಳೆ, ಎಲ್ಲಾ ಹೇಳಿದರು. ಎರಡು ರಿಕ್ಷಾ ತುಂಬಿ ಹೋದವು. ಮೂರನೆಯದರಲ್ಲಿ ಇಬ್ಬರೂ ಕೂತೆವು.